ಎಡಗಾಲಿನ ಒಳಅಟ್ಟೆ

ಆ ಮನೆಯಲ್ಲಿ ಅಲ್ಲಾಡುವ ಮೇಜು ಒಂದೂ ಇರಲಿಲ್ಲ. ಸೊಟ್ಟಗೆ ನೇತಾಡುವ ಪಟ ಇರಲಿಲ್ಲ, ಕಿರ್ರೆನ್ನುವ ಬಾಗಿಲಿರಲಿಲ್ಲ, ಹಿಮ್ಮಡಿ ಸವೆದ ಶೂ ಅಂತೂ ದೀಪ ಹಚ್ಚಿ ಹುಡುಕಿದರೂ ಸಿಗುತ್ತಿರಲಿಲ್ಲ. ಇದಕ್ಕೆಲ್ಲ ಕಾರಣ ಮನೆಯ ಹಿರಿಯ. ನಲವತ್ತೆರಡು ವರ್ಷ ಸೇತುವೆ ಪಕ್ಕದಲ್ಲಿ ಶೂ ರಿಪೇರಿ ಅಂಗಡಿ ನಡೆಸಿ, ಎರಡು ವರ್ಷದ ಹಿಂದೆ ಬಾಗಿಲು ಮುಚ್ಚಿ, ಅಂಗಡಿಯ ಸಾಮಾನನ್ನೆಲ್ಲ ಅಡುಗೆಮನೆ ಹಿಂದಿನ ಸಣ್ಣ ಕೋಣೆಗೆ ತಂದು ಸುರಿದುಕೊಂಡಿದ್ದ. ಮೊಮ್ಮಗಳು ಅವನಿಗೆ ‘ಮಟ್ಟಗೋಲು’ ಎಂದು ಹೆಸರಿಟ್ಟಿದ್ದಳು. ತಾತನಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವನಂತೆ ಇರುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ.

ಭಾನುವಾರ ಬೆಳಿಗ್ಗೆ ಮನೆಮಂದಿಯ ಶೂಗಳೆಲ್ಲ ಅವನ ಮುಂದೆ ಸಾಲಾಗಿ ಹಾಜರಾಗಬೇಕು. ಮಗ ಬಸ್ ಡ್ರೈವರು. ಅವನ ಬಲಗಾಲಿನ ಮುಂಗಾಲು ಮಾತ್ರ ಸವೆಯುತ್ತಿತ್ತು. ಮೊಮ್ಮಗಳು ಎಂಟನೇ ತರಗತಿ. ಅವಳು ಶೂವನ್ನು ಸವೆಸುತ್ತಿರಲಿಲ್ಲ, ಕೊಲ್ಲುತ್ತಿದ್ದಳು. ಹೆಚ್ಚು ಕೆಲಸ ಕೊಡುತ್ತಿದ್ದುದು ಸೊಸೆ. ನೀರು ಸರಬರಾಜು ಕಚೇರಿಯಲ್ಲಿ ಅವಳದು ಮೀಟರ್ ಓದುವ ಕೆಲಸ. ದಿನಕ್ಕೆ ನೂರಿಪ್ಪತ್ತು ಮನೆ, ಮೆಟ್ಟಿಲು ಹತ್ತಬೇಕು, ಇಳಿಯಬೇಕು. ತಾತ ಅವಳ ಶೂವನ್ನು ಕನ್ನಡಕದ ಹತ್ತಿರ ತಂದು ನೋಡಿ, ಏನೂ ಹೇಳದೆ, ಹೊಸ ಹಿಮ್ಮಡಿ ಬಡಿದು, ಅಂಚು ಒರೆಸಿ ಇಡುತ್ತಿದ್ದ. ಸೋಮವಾರ ಅವಳು ಹೊಸ ಶೂ ಹಾಕಿದವಳಂತೆ ಹೊರಡುತ್ತಿದ್ದಳು.

ಆ ಸಲ ಭಾನುವಾರ ಅವಳು ಶೂ ಜೊತೆಗೆ ಒಂದು ಕಾಗದವನ್ನೂ ಮೇಜಿನ ಮೇಲಿಟ್ಟಳು.

“ಏನದು?” ಎಂದ ಮಗ, ಬಾಯಿತುಂಬ ಬ್ರೆಡ್ಡು.

“ಆಫೀಸಿಂದು. ಎರಡು ತಿಂಗಳಿಂದ ನನ್ನ ರೌಂಡು ಪೂರ್ತಿ ಆಗ್ತಿಲ್ಲ. ಆರು ವಾರದೊಳಗೆ ಕಾಲು ಸರಿಯಿದೆ ಅಂತ ಡಾಕ್ಟರ ಪತ್ರ ತಂದು, ನಡೆದು ತೋರಿಸ್ಬೇಕಂತೆ. ಇಲ್ಲಾಂದ್ರೆ ದೂರಿನ ಕೌಂಟರಿಗೆ ಹಾಕ್ತಾರಂತೆ.”

“ಕೂತು ಮಾಡೋ ಕೆಲಸ! ಒಳ್ಳೇದಾಯ್ತಲ್ಲ.”

“ನೀವು ಹೋಗಿ ಕೂತ್ಕೊಳ್ಳಿ ಆ ಗಾಜಿನ ಡಬ್ಬಿಯೊಳಗೆ. ಬೆಳಿಗ್ಗೆಯಿಂದ ಸಂಜೆವರೆಗೆ ಬೈಸ್ಕೋಬೇಕು. ಬೀದೀಲಿ ನಡೆಯೋವಾಗ ಆರು ಗಂಟೆ ಹೊತ್ತು ನನ್ನನ್ನ ಯಾರೂ ಏನೂ ಕೇಳಲ್ಲ. ನನಗೆ ಇರೋದು ಅದೊಂದೇ.”

ಕಾಲಿಗೆ ಏನಾಗಿದೆ ಎಂದು ಯಾರೂ ಕೇಳಲಿಲ್ಲ. ಮಗ ಇನ್ನೊಂದು ಲೋಟ ಟೀ ಕೇಳಿದ. ಅವಳು ಎದ್ದು ತಂದುಕೊಟ್ಟಳು.

ಮಂಗಳವಾರ ಅವಳು ಮಗಳನ್ನು ಕರೆದುಕೊಂಡು ಪಾದದ ಡಾಕ್ಟರ ಹತ್ತಿರ ಹೋಗಿಬಂದಳು. ಅಲ್ಲಿ ನಡೆದದ್ದನ್ನೆಲ್ಲ ಊಟದ ಹೊತ್ತಿಗೆ ಮಗಳೇ ನಾಟಕ ಕಟ್ಟಿ ತೋರಿಸಿದಳು. ಡಾಕ್ಟರು ಹೆಂಗಸು, ಕೂದಲು ಗಿಡ್ಡ. ಅಮ್ಮನನ್ನು ಮಲಗಿಸಿ ಸೊಂಟದ ಮೂಳೆಯಿಂದ ಪಾದದ ಗಂಟಿನವರೆಗೆ ಟೇಪು ಹಿಡಿದರು. ಹಿಮ್ಮಡಿಯ ಹಿಂಭಾಗದಲ್ಲಿ ಪೆನ್ನಿನಿಂದ ಗೆರೆ ಎಳೆದರು. ಉದ್ದನೆಯ ಓಣಿಯಲ್ಲಿ ಬರಿಗಾಲಲ್ಲಿ ಎಂಟು ಸಲ ಹೋಗಿಬರೋಕೆ ಹೇಳಿ, ಹಿಂದಿನಿಂದ ಫೋನಿನಲ್ಲಿ ವಿಡಿಯೋ ತೆಗೆದರು. ಕೊನೆಗೆ ಮೆತ್ತನೆಯ ಸ್ಪಂಜಿನ ಪೆಟ್ಟಿಗೆಯಲ್ಲಿ ಒಂದೊಂದೇ ಕಾಲು ಒತ್ತಿಸಿ ಅಚ್ಚು ತೆಗೆದುಕೊಂಡರು.

“ಅಮ್ಮ ನಡಿಯೋದು ಹೀಗೆ,” ಎಂದು ಅವಳು ಊಟದ ಮೇಜಿನ ಸುತ್ತ ಒಂದು ಕಡೆ ವಾಲುತ್ತ ನಡೆದಳು.

“ಕೂತು ತಿನ್ನೇ, ಕೋತಿ!” ತಾಯಿ ಪಾತ್ರೆ ಒರೆಸುವ ಬಟ್ಟೆಯಿಂದಲೇ ಒಂದು ಬಿಟ್ಟಳು. ಆಮೇಲೆ ಮಾವನ ಕಡೆ ತಿರುಗಿದಳು. “ಮಾವ, ಅವರು ಹಳೇ ಶೂ ತನ್ನಿ ಅಂದಿದ್ರು. ಮೂರು ಜೊತೆ ಒಯ್ದಿದ್ದೆ. ತಿರುಗಿಸಿ ನೋಡಿ ನಕ್ಕುಬಿಟ್ರು. ರಿಪೇರಿ ಮಾಡಿದವರ ಕೈ ಚೆನ್ನಾಗಿದೆ, ಆದ್ರೆ ನನಗೆ ನೋಡೋಕೆ ಏನೂ ಉಳಿಸಿಲ್ಲ ಅಂದ್ರು.”

“ಏನು ಉಳಿಸ್ಬೇಕಿತ್ತು?”

“ಸವೆತ. ಯಾವ ಮೂಲೆ ಸವೆದಿದೆ ಅಂತ ನೋಡಿದ್ರೆ ನಡಿಗೆ ಹೇಗಿದೆ ಅಂತ ಗೊತ್ತಾಗುತ್ತಂತೆ.”

ತಾತನ ಮೂಗಿನ ತುದಿ ಕೆಂಪಗಾಯಿತು. “ಸವೆದ ಶೂ ಬೇಕಂತಾ! ನಾಳೆ ದರ್ಜಿ ಹರಿದ ಬಟ್ಟೇನೇ ಹಾಕ್ಕೊಂಡು ಬನ್ನಿ ಅಂತಾನೆ. ಕಾಲ ಕೆಟ್ಟೋಯ್ತು.” ಮೆಚ್ಚಿದರೋ ಜರೆದರೋ ಎಂದು ಗೊತ್ತಾಗದೆ ಅವನಿಗೆ ಊಟ ರುಚಿಸಲಿಲ್ಲ.

ಹತ್ತು ದಿನಕ್ಕೆ ಒಳಅಟ್ಟೆಗಳು ಬಂದವು. ಶೂ ಒಳಗೆ ಇಡುವಂಥವು, ಮೇಲೆ ಕಪ್ಪು ಬಟ್ಟೆ, ಕೆಳಗೆ ಗಟ್ಟಿ ಬೂದು ರಬ್ಬರು. ಮೊದಲ ದಿನ ಒಂದು ಗಂಟೆ ಹಾಕಬೇಕು, ಎರಡನೇ ದಿನ ಎರಡು ಗಂಟೆ, ಹೀಗೆ ಏರಿಸುತ್ತ ಹೋಗಬೇಕು, ಮೂರು ವಾರ ಬಿಟ್ಟು ಬಂದು ತೋರಿಸಬೇಕು. ಸೊಸೆ ಗಂಟೆ ನೋಡಿಕೊಂಡು ಹಾಕಿದಳು, ಗಂಟೆ ನೋಡಿಕೊಂಡು ತೆಗೆದಳು. ಮೂರನೇ ದಿನ ಒಲೆಯ ಮುಂದೆ ನಿಂತು, “ಪರವಾಗಿಲ್ಲಪ್ಪ, ಸೊಂಟ ಹಿಡಿಯೋದು ಸ್ವಲ್ಪ ಕಮ್ಮಿ ಅನ್ಸುತ್ತೆ,” ಎಂದಳು.

ನಾಲ್ಕನೇ ದಿನ ಭಾನುವಾರ. ಶೂಗಳು ತಾತನ ಮುಂದೆ ಬಂದವು, ಸೊಸೆ ಸ್ನಾನಕ್ಕೆ ಹೋದಳು. ತಾತ ಅವಳ ಶೂಗಳಿಂದ ಒಳಅಟ್ಟೆ ಎರಡನ್ನೂ ಹೊರತೆಗೆದು, ಚರ್ಮ ಕೊಯ್ಯುವ ಗಾಜಿನ ಹಲಗೆಯ ಮೇಲೆ ಪಕ್ಕಪಕ್ಕ ಇಟ್ಟ. ಎಡಗಾಲಿನದು ಹಿಮ್ಮಡಿಯ ಹತ್ತಿರ ಬಲಗಾಲಿನದಕ್ಕಿಂತ ಕಿರುಬೆರಳಿನ ಅರ್ಧದಷ್ಟು ದಪ್ಪ! ಸಾಲದ್ದಕ್ಕೆ ಒಳಮೂಲೆ ಎತ್ತರ, ಹೊರಮೂಲೆ ತಗ್ಗು. ಅವನ ಅಂಗಡಿಯಲ್ಲಿ ಕೆಲಸ ಕಲಿಯಲು ಬಂದ ಹುಡುಗರು ಇಂಥದ್ದು ಮಾಡಿದ್ದರೆ ಅಂದೇ ಬೀದಿಗೆ ಅಟ್ಟುತ್ತಿದ್ದ. “ಓದಿದವರ ಕೆಲಸ,” ಎಂದು ಗೊಣಗಿದ. “ಪಾಪ, ಹುಡುಗಿ ಇದರ ಮೇಲೆ ನಡೀತಿದಾಳೆ.”

ಕೆಟ್ಟ ಮನಸ್ಸು ಅವನಲ್ಲಿ ಎಳ್ಳಷ್ಟೂ ಇರಲಿಲ್ಲ, ಇದನ್ನು ಹೇಳಲೇಬೇಕು. ಬಟ್ಟೆಯನ್ನು ಹುಷಾರಾಗಿ ಬಿಡಿಸಿದ, ಅರದಿಂದ ಉಜ್ಜಿದ, ಉಪ್ಪುಕಾಗದದಿಂದ ನಯಮಾಡಿದ, ಎರಡನ್ನೂ ಗಾಜಿನ ಮೇಲಿಟ್ಟು ಕಣ್ಣು ಕಿರಿದು ಮಾಡಿ ನೋಡಿದ. ಸಮ ಅಂದರೆ ಸಮ. ಮತ್ತೆ ಬಟ್ಟೆ ಅಂಟಿಸಿದ. ಸೊಸೆ ತಲೆ ಒರೆಸಿಕೊಂಡು ಬರುವ ಹೊತ್ತಿಗೆ ಶೂಗಳು ಬಾಗಿಲ ಬಳಿ ಪಾಲಿಶ್ ಆಗಿ ಕೂತಿದ್ದವು. ಹೇಳಬೇಕು ಅಂತ ಅವನಿಗೆ ಅನ್ನಿಸಲೇ ಇಲ್ಲ. ಕಾಲು ನೋವು ಹೋದಮೇಲೆ ಹೇಳಿ ಎಲ್ಲರನ್ನೂ ಬೆರಗು ಮಾಡೋಣ ಅಂದುಕೊಂಡ.

ನೋವು ಹೋಗಲಿಲ್ಲ. ಸೊಂಟದಿಂದ ಮಂಡಿಗಿಳಿಯಿತು, ಮಂಡಿಯಿಂದ ಮತ್ತೆ ಸೊಂಟಕ್ಕೆ ಏರಿತು. ಅವಳು ರೌಂಡಿನಲ್ಲಿ ಅರವತ್ತು ಮನೆ ಮುಗಿಸಿ ಬರುವಷ್ಟರಲ್ಲಿ ಮುಖ ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು. ಆದರೂ ತರಕಾರಿ ಹೆಚ್ಚುವುದು ಅವಳೇ, ಬೇಯಿಸುವುದು ಅವಳೇ, ಪಾತ್ರೆ ತೊಳೆಯುವುದೂ ಅವಳೇ. ಒಂದು ಕಾಲಿನ ಮೇಲೆ ಭಾರ ಬಿಟ್ಟು ಸಿಂಕಿಗೆ ಒರಗಿ ತೊಳೆಯುತ್ತಿದ್ದಳು.

“ಅಭ್ಯಾಸ ಆಗೋವರೆಗೆ ಹಾಗೇ,” ಎಂದ ಮಗ ಮೊದಲ ವಾರ.

“ಆ ಡಾಕ್ಟರಿಗೆ ಏನೂ ಬರಲ್ಲ,” ಎಂದ ಎರಡನೇ ವಾರ.

ಮೂರನೇ ವಾರ, “ನಾಳೆ ಹೋಗಿ ಮುಖದ ಮೇಲೆ ಎಸೆದು ಬರ್ತೀನಿ,” ಎಂದ.

ಡಾಕ್ಟರನ್ನು ಬೈದಾಗಲೆಲ್ಲ ತಾತ ತಟ್ಟೆಯ ಕಡೆ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅವನ ಪಾಡು ಅದೇ ಆಗಿತ್ತು. ಅನುಮಾನ ಮೊದಲ ವಾರದಲ್ಲೇ ಬಂದಿತ್ತು. ಬೇಕೆಂದೇ ದಪ್ಪ ಮಾಡಿದ್ದಿರಬಹುದೇ? ಛೆ, ಎಲ್ಲಾದರೂ ಉಂಟೇ? ಉಂಟೇನೋ? ಎರಡನೇ ವಾರ ಹೇಳೋಣವೆಂದು ಎರಡು ಸಲ ಅಡುಗೆಮನೆಗೆ ಹೋದ. ಒಂದು ಸಲ ನೀರು ಕುಡಿದು ಬಂದ, ಇನ್ನೊಂದು ಸಲ ಉಪ್ಪಿನ ಡಬ್ಬಿಯ ಮುಚ್ಚಳ ಸರಿಮಾಡಿ ಬಂದ. ನಲವತ್ತೆರಡು ವರ್ಷದಲ್ಲಿ ಅವನ ಕೈಯಿಂದ ಹೋದ ಕೆಲಸ ಒಂದೂ ತಿರುಗಿ ಬಂದಿರಲಿಲ್ಲ. ತಪ್ಪಾಯ್ತು ಎನ್ನುವುದು ಅವನ ನಾಲಿಗೆಗೆ ರೂಢಿ ಇರಲಿಲ್ಲ.

ಆ ಗುರುವಾರ ಸೊಸೆ ಒಳಅಟ್ಟೆಗಳನ್ನು ಶೂನಿಂದ ಕಿತ್ತು ಕಿಟಕಿ ಮೇಲಿಟ್ಟಳು. ಮೇಜಿನ ಮೇಲೆ ಒಂದು ಫಾರಂ ಇಟ್ಟುಕೊಂಡು ತುಂಬತೊಡಗಿದಳು.

“ಏನಮ್ಮ ಅದು?” ಎಂದಳು ಮಗಳು.

“ಕೌಂಟರಿಗೆ ನಾನೇ ಒಪ್ಕೊಂಡು ಹೋಗ್ತೀನಿ ಅಂತ. ನಾಳೆ ಮಧ್ಯಾಹ್ನದೊಳಗೆ ಕೊಡ್ತೀನಿ. ಅವರಾಗಿ ತಳ್ಳೋದಕ್ಕಿಂತ ಇದೇ ವಾಸಿ. ನನ್ನ ಬೀದಿಗಳನ್ನ ಹೊಸ ಹುಡುಗಿಗೆ ಕೊಡ್ತಾರಂತೆ.”

“ನೀನು ಅಳ್ತಿದೀಯಾ?”

“ಈರುಳ್ಳಿ ಹೆಚ್ಚಿದೀನಿ,” ಎಂದಳು ತಾಯಿ. ಆ ದಿನದ ಅಡುಗೆಯಲ್ಲಿ ಈರುಳ್ಳಿ ಇರಲಿಲ್ಲ.

ಬೆಳಿಗ್ಗೆ ಎಲ್ಲರೂ ಹೊರಟಮೇಲೆ ತಾತ ಒಳಅಟ್ಟೆಗಳನ್ನು ಒಂದು ಬಟ್ಟೆ ಚೀಲಕ್ಕೆ ಹಾಕಿಕೊಂಡು ಪಾದದ ಡಾಕ್ಟರ ಹತ್ತಿರ ಹೋದ. ಆಸ್ಪತ್ರೆಯೆಂದರೆ ಎರಡು ಕೋಣೆ, ಒಂದು ಉದ್ದ ಓಣಿ. ಗೋಡೆಗೆ ಕಾಲಿನ ಮೂಳೆಗಳ ಚಿತ್ರ ಸ್ವಲ್ಪ ಓರೆಯಾಗಿ ನೇತಾಡುತ್ತಿತ್ತು. ಅವನು ಅದನ್ನು ಮುಟ್ಟಲಿಲ್ಲ.

“ಡಾಕ್ಟ್ರಮ್ಮ, ಒಂದು ಮಾತು ಕೇಳ್ತೀನಿ. ಒಂದು ವೇಳೆ ಇದನ್ನ ಯಾರಾದ್ರೂ... ಸ್ವಲ್ಪ ತೇಯ್ದ್ರೆ ಏನಾಗುತ್ತೆ?”

ಡಾಕ್ಟರು ಎಡಗಾಲಿನದನ್ನು ಕೈಗೆತ್ತಿಕೊಂಡರು, ಬೆರಳಿನಿಂದ ಸವರಿದರು, ಅಳತೆಯ ಇಕ್ಕಳದಲ್ಲಿ ಹಿಡಿದು ನೋಡಿದರು. “ಒಂಬತ್ತು ಮಿಲಿಮೀಟರ್ ಇಟ್ಟಿದ್ದೆ. ಈಗ ಮೂರಿದೆ. ಎಷ್ಟು ನಯವಾಗಿ ತೇಯ್ದಿದೀರಾ ಯಜಮಾನ್ರೆ! ಆ ಹಿಮ್ಮಡಿಗಳನ್ನ ಕಟ್ಟಿದ್ದೂ ನೀವೇ ಅಲ್ವಾ?”

“ಒಂದು ದಪ್ಪ, ಒಂದು ತೆಳ್ಳಗೆ ಇತ್ತಮ್ಮ. ಸಮ ಮಾಡಿದೆ.”

“ಅವರ ಕಾಲು ಸಮ ಇದ್ದಿದ್ರೆ ನಾನೂ ಸಮಾನೇ ಮಾಡ್ತಿದ್ದೆ.”

ಅವರು ಬೈಯಲಿಲ್ಲ. ಬೈದಿದ್ದರೆ ತಾತನಿಗೆ ಜಗಳವಾಡಲು ಒಂದು ದಾರಿಯಾದರೂ ಇರುತ್ತಿತ್ತು. ಫೋನು ತೆಗೆದು ವಿಡಿಯೋ ನಿಧಾನಕ್ಕೆ ಬಿಟ್ಟು ಅವನ ಮುಂದೆ ಹಿಡಿದರು. ಓಣಿಯಲ್ಲಿ ಸೊಸೆ ಬರಿಗಾಲಲ್ಲಿ ಹೋಗುತ್ತಿದ್ದಳು. ಎಡಗಾಲು ಊರಿದಾಗ ಪಾದದ ಕಮಾನು ಕುಸಿದು ಗಂಟು ಒಳಗೆ ವಾಲುತ್ತಿತ್ತು, ಸೊಂಟ ಎಡಕ್ಕೆ ಇಳಿಯುತ್ತಿತ್ತು, ಅದನ್ನು ಎತ್ತಿಕೊಳ್ಳಲು ಬಲಭುಜ ಒದ್ದಾಡುತ್ತಿತ್ತು. ಪ್ರತಿ ಹೆಜ್ಜೆಗೂ ಹಾಗೇ. ಹದಿನೈದು ವರ್ಷದಿಂದ ಒಂದೇ ಮನೆಯಲ್ಲಿದ್ದರೂ ತಾತ ಅವಳ ಶೂ ನೋಡಿದ್ದನೇ ಹೊರತು ಅವಳು ನಡೆಯುವುದನ್ನು ನೋಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

“ಟೇಪಿನಲ್ಲಿ ಅಳೆದ್ರೆ ವ್ಯತ್ಯಾಸ ಬಹಳ ಕಮ್ಮಿ,” ಎಂದರು ಡಾಕ್ಟರು. “ನಡೆದ್ರೆ ಇಷ್ಟೊಂದು. ಯಾವಾಗಾದ್ರೂ ಬಿದ್ದಿದ್ರಾ ಅಂತ ಕೇಳ್ದೆ, ಇಲ್ಲ ಅಂದ್ರು. ಹುಟ್ಟಿನಿಂದ ಹೀಗೇ ಇರಬೇಕು ಅಂದ್ಕೊಂಡು ಹಿಮ್ಮಡಿ ಎತ್ತರಿಸ್ದೆ. ಹಳೇ ಶೂನಲ್ಲಿ ಸವೆತ ಇದ್ದಿದ್ರೆ ಗ್ಯಾರಂಟಿ ಆಗ್ತಿತ್ತು.”

“ಸವೆತ ನನಗೆ ಗೊತ್ತು.”

ಡಾಕ್ಟರು ತಲೆಯೆತ್ತಿದರು.

“ಎಡಗಾಲು, ಹಿಮ್ಮಡಿಯ ಒಳಮೂಲೆ. ವಾರಕ್ಕೆ ಒಂದು ರಟ್ಟಿನಷ್ಟು. ಬಲಗಾಲು ಎಲ್ಲರ ಹಾಗೆ ಹೊರಮೂಲೆ. ಐದು ವರ್ಷದಿಂದ ಹೀಗೆ.”

“ಅದಕ್ಕೂ ಮುಂಚೆ?”

“ಎರಡೂ ಒಂದೇ ಥರ. ಮದುವೆಯಾಗಿ ಬಂದಾಗಿಂದ ಅವಳ ಶೂ ನೋಡಿದೀನಿ, ಎರಡೂ ಒಂದೇ ಥರ.”

“ಐದು ವರ್ಷದ ಹಿಂದೆ ಏನಾಯ್ತು?”

ತಾತ ಬಟ್ಟೆ ಚೀಲವನ್ನು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ. “ನನ್ನ ಹೆಂಡತಿ ಹಾಸಿಗೆ ಹಿಡಿದಿದ್ಲು. ಇವಳು ಬಿಸಿನೀರಿನ ಬಕೆಟ್ಟು ಹಿಡ್ಕೊಂಡು ಮೆಟ್ಟಿಲ ಮೇಲಿಂದ ಬಿದ್ಲು. ಎದ್ದು, ನೆಲ ಒರೆಸಿ, ಅಡುಗೆ ಮಾಡಿದ್ಲು.”

ಡಾಕ್ಟರು ಎಲ್ಲವನ್ನೂ ಬರೆದುಕೊಂಡರು. ಆಗ ಪಾದದ ಗಂಟಿನ ಮೂಳೆಗಳನ್ನು ಹಿಡಿದಿಡುವ ಕಟ್ಟು ಹರಿದು ಸಡಿಲವಾಗಿ, ಕಮಾನು ಮೆಲ್ಲಗೆ ಕುಸಿದಿರಬೇಕು. ಹಾಗಿದ್ದರೆ ಹಿಮ್ಮಡಿ ಅಷ್ಟು ಎತ್ತರ ಬೇಕಾಗಿಲ್ಲ; ಕಮಾನಿಗೆ ಆಸರೆ ಬೇಕು, ಗಂಟು ಗಟ್ಟಿಯಾಗಲು ವ್ಯಾಯಾಮ ಬೇಕು, ಇನ್ನೂ ನಾಲ್ಕು ವಾರ ಸಮಯ ಬೇಕು. “ಅವರನ್ನ ಕಳಿಸಿ, ಮತ್ತೆ ನೋಡಿ ಹೊಸದು ಮಾಡ್ತೀನಿ. ಆಫೀಸಿಗೆ ಪತ್ರ ಕೊಡ್ತೀನಿ. ತಡ ಯಾಕಾಯ್ತು ಅಂತ ಬರೀಬೇಕಲ್ಲ, ಒಳಅಟ್ಟೆ ಹಾಳಾಗಿತ್ತು ಅಂತ ಬರೀಲಾ?”

“ಹಾಗೇ ಬರೀರಿ,” ಎಂದ ತಾತ ಸರಕ್ಕನೆ. ಡಾಕ್ಟರು ಪೆನ್ನು ತೆರೆದರು. ಎರಡು ಸಾಲು ಆಗುವಷ್ಟರಲ್ಲಿ ಅವನು ಕೈ ಅಡ್ಡ ಹಿಡಿದ. “ಬೇಡಮ್ಮ. ಅವಳ ಮಾವ ತೇಯ್ದು ಕೆಡಿಸಿದ ಅಂತಲೇ ಬರೀರಿ.”

ನೀರು ಸರಬರಾಜು ಕಚೇರಿಯ ಹಾಲಿನಲ್ಲಿ ಮೂವತ್ತು ಜನ ಇದ್ದರು. ಸೊಸೆ ಕೊನೆಯ ಕಿಟಕಿಯ ಮುಂದೆ ಫಾರಂ ಹಿಡಿದು ನಿಂತಿದ್ದಳು, ಅವಳ ಮುಂದೆ ಇಬ್ಬರು. ತಾತ ಏದುಸಿರು ಬಿಡುತ್ತ ಹೋಗಿ ಪಕ್ಕದಲ್ಲಿ ನಿಂತ.

“ಮಾವ! ಏನಾಯ್ತು? ಮಗೂಗೆ ಏನಾದ್ರೂ...”

“ಯಾರಿಗೂ ಏನೂ ಆಗಿಲ್ಲ. ಆ ಫಾರಂ ಕೊಡಬೇಡ. ಒಳಅಟ್ಟೆ ಕೆಟ್ಟದ್ದಲ್ಲ. ಅದನ್ನ ನಾನು ತೇಯ್ದೆ.”

“ಏನು?”

“ತೇಯ್ದೆ. ನೀನು ಸ್ನಾನಕ್ಕೆ ಹೋಗಿದ್ದಾಗ. ಎರಡೂ ಸಮ ಇಲ್ಲ ಅಂತ.” ಇಡೀ ಸಾಲು ತಿರುಗಿ ನೋಡಿತು. ಅವನು ದನಿ ತಗ್ಗಿಸಲಿಲ್ಲ. ತಗ್ಗಿಸಿದರೆ ಮತ್ತೆ ಹೊರಡುವುದಿಲ್ಲ ಎಂದು ಗೊತ್ತಿತ್ತು. “ಡಾಕ್ಟರ ಪತ್ರ ತಂದಿದೀನಿ. ಅದ್ರಲ್ಲೂ ಹಾಗೇ ಬರೆಸಿದೀನಿ.”

ಅವಳು ಪತ್ರ ಓದಿದಳು. ಎರಡು ಸಲ ಓದಿದಳು. “ಮೂರು ವಾರ, ಮಾವ. ನಾನು ಗೋಡೆ ಹಿಡ್ಕೊಂಡು ನಡೀತಿದ್ದೆ. ಅವರು ಡಾಕ್ಟರನ್ನ ಬೈತಿದ್ರು. ನೀವು ಎದುರಿಗೇ ಕೂತು ಊಟ ಮಾಡ್ತಿದ್ರಿ.”

“ಹೌದಮ್ಮ.”

“ನಾನು ಬಿದ್ದಿದ್ದೂ ಬರೆದಿದೆ ಇದ್ರಲ್ಲಿ. ಕಾಲಿಗೆ ಪೆಟ್ಟಾಗಿದ್ದು ನಿಮಗೆ ಹೇಗೆ ಗೊತ್ತು? ನಾನು ಯಾರಿಗೂ ಕಾಲು ನೋವು ಅಂತ ಹೇಳಿರಲಿಲ್ಲ.”

“ನೀನು ಬಿದ್ದ ಮುಂದಿನ ಭಾನುವಾರ ನಿನ್ನ ಶೂ ನನ್ನ ಹತ್ರ ಬಂತಲ್ಲ. ನೋಡಿದ ಕೂಡ್ಲೇ ಗೊತ್ತಾಯ್ತು. ಅಂಚಿಗೆ ಚರ್ಮದ ಚೂರು ಹಾಕಿ ಕೊಟ್ಟೆ.”

“ಕೇಳಲಿಲ್ಲ.”

“ಕೇಳಲಿಲ್ಲ,” ಎಂದ ತಾತ. “ಕೇಳಿದ್ರೆ ನೀನು ನೋವು ಅಂತೀಯ. ಅಂದ್ರೆ ಮಲಗಿಸ್ಬೇಕಾಗುತ್ತೆ. ಆಮೇಲೆ ನಿಮ್ಮತ್ತೇನ ನೋಡೋರು ಯಾರು? ಅದಕ್ಕೇ ಕೇಳಲಿಲ್ಲ.”

ಮುಂದಿದ್ದ ಇಬ್ಬರೂ ಕೆಲಸ ಮುಗಿಸಿ ಹೋದರು. ಕಿಟಕಿಯ ಒಳಗಿನ ಗುಮಾಸ್ತ, “ಏನು ಕೊಡ್ತೀರಮ್ಮ, ಫಾರಮ್ಮೋ ಪತ್ರಾನೋ?” ಎಂದ. ಅವಳು ಪತ್ರ ಕೊಟ್ಟಳು. ಗುಮಾಸ್ತ ಓದಿ, ಒಳಗೆ ಹೋಗಿ, ನಗು ತಡೆದುಕೊಂಡು ವಾಪಸು ಬಂದ. ನಾಲ್ಕು ವಾರ ಕೊಟ್ಟಿದ್ದರು, ಅದೇ ಕೊನೆ ಎಂದಿದ್ದರು.

“ಇನ್ಮೇಲೆ ನನ್ನ ಶೂ ಮುಟ್ಟಬೇಡಿ ಮಾವ,” ಎಂದು ಹೇಳಿ ಅವಳು ತನ್ನ ರೌಂಡಿಗೆ ಹೊರಟಳು.

ಆಮೇಲೆ ಹನ್ನೆರಡು ದಿನ ಅವಳು ಅವನೊಂದಿಗೆ ಮಾತಾಡಲಿಲ್ಲ. “ತಾತನಿಗೆ ಹೇಳು, ಊಟ ಆಗಿದೆ.” “ಅಮ್ಮನಿಗೆ ಹೇಳು, ಬಂದೆ.” ಮಧ್ಯೆ ಮೊಮ್ಮಗಳು ಅಂಚೆಯವಳಾಗಿ ಸುಸ್ತಾದಳು. “ನೀವಿಬ್ರೂ ಚೀಟಿ ಬರೆದುಕೊಳ್ಳಿ, ನನಗೆ ಪರೀಕ್ಷೆ ಇದೆ!” ಎಂದು ಒಂದು ದಿನ ಕಿರುಚಿದಳು. ಮಗನಿಗೆ ಅಪ್ಪನ ಮೇಲೆ ಸಿಟ್ಟು ಬಂದು, “ಅಲ್ಲಪ್ಪ, ನಾನು ಆ ಡಾಕ್ಟರಿಗೆ ಎಷ್ಟು ಬೈದೆ! ಒಂದು ಮಾತು ಹೇಳ್ಬಾರ್ದಿತ್ತಾ?” ಎಂದ. ತಾತ, ಮಾಡಿದ್ದುಣ್ಣೋ ಮಹರಾಯ ಎಂದು ತನಗೆ ತಾನೇ ಹೇಳಿಕೊಂಡು ಹಿಂದಿನ ಕೋಣೆಗೆ ಹೋದ. ಅಲ್ಲಿ ಮಾಡಲು ಕೆಲಸವಿರಲಿಲ್ಲ.

ಹೊಸ ಒಳಅಟ್ಟೆಗಳು ಬಂದವು, ಮತ್ತೆ ಒಂದು ಗಂಟೆಯಿಂದ ಶುರು. ಬೆಳಿಗ್ಗೆ ಸಂಜೆ ವ್ಯಾಯಾಮ: ನೆಲದ ಮೇಲೆ ಟವೆಲು ಹಾಸಿ ಕಾಲ್ಬೆರಳಿನಿಂದ ಮುದುಡಿ ಎಳೆಯುವುದು, ಒಂಟಿ ಕಾಲಲ್ಲಿ ಮೂವತ್ತು ಎಣಿಸುವವರೆಗೆ ನಿಲ್ಲುವುದು. ಮೊಮ್ಮಗಳು ಎಣಿಸುತ್ತಿದ್ದಳು, ಬೇಕೆಂದೇ ಇಪ್ಪತ್ತೊಂಬತ್ತರಲ್ಲಿ ನಿಲ್ಲಿಸಿ ಕಾಡುತ್ತಿದ್ದಳು. ಮನೆಯಲ್ಲಿ ಒಂದೇ ಸಮನೆ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಬಾರದು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಆ ಚೀಟಿಯನ್ನು ಎಲ್ಲರೂ ಓದಿದರು, ಚೆನ್ನಾಗಿದೆ ಅಂದರು. ಅಡುಗೆ, ಪಾತ್ರೆ ಮಾತ್ರ ಇದ್ದಲ್ಲೇ ಇದ್ದವು.

ನಾಲ್ಕನೇ ವಾರದ ಕೊನೆಯಲ್ಲಿ ಕಚೇರಿಯ ಇನ್ಸ್‌ಪೆಕ್ಟರು ಅವಳ ಜೊತೆ ರೌಂಡಿಗೆ ಬಂದರು. ನೂರಿಪ್ಪತ್ತು ಮನೆ, ಮೂವತ್ತೊಂದು ಮಹಡಿ. ಮುಗಿದಾಗ ಇನ್ಸ್‌ಪೆಕ್ಟರೇ ಕಟ್ಟೆಯ ಮೇಲೆ ಕೂತುಬಿಟ್ಟರಂತೆ. ಅವಳ ಬೀದಿಗಳು ಅವಳಿಗೇ ಉಳಿದವು.

ಆ ರಾತ್ರಿ ಊಟ ಗಮ್ಮತ್ತಾಗಿತ್ತು. ಮಗ ಬೇಕರಿಯಿಂದ ಕೇಕು ತಂದಿದ್ದ. ಇನ್ಸ್‌ಪೆಕ್ಟರು ಕೂತದ್ದನ್ನು ಮೊಮ್ಮಗಳು ಮೂರು ಸಲ ಮಾಡಿ ತೋರಿಸಿದಳು. ತಾತನೂ ನಕ್ಕ, ಸೊಸೆಯ ಮುಖ ನೋಡಿ ನಿಲ್ಲಿಸಿದ. ಊಟ ಮುಗಿದು ತಟ್ಟೆಗಳು ರಾಶಿಬಿದ್ದವು.

“ಅಂತೂ ನೋವು ಹೋಯ್ತು, ಸದ್ಯ,” ಎಂದ ಮಗ ಕೈ ಒರೆಸಿಕೊಳ್ಳುತ್ತ.

“ಹೋಗಿಲ್ಲ,” ಎಂದಳು ಸೊಸೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. “ಮೊದಲಿಗಿಂತ ಕಮ್ಮಿ. ಸಂಜೆ ಹೊತ್ತಿಗೆ ನೋಯುತ್ತೆ. ಈಗಲೂ ನೋಯ್ತಿದೆ. ಪಾತ್ರೆ ಯಾರಾದ್ರೂ ತೊಳೀರಿ.”

ಆ ಮನೆಯಲ್ಲಿ ಯಾರೂ ಹಿಂದೆ ಕೇಳದ ಮಾತು ಅದು. ಮಗ ಮಗಳ ಮುಖ ನೋಡಿದ, ಮಗಳು ಕೇಕಿನ ಮುಖ ನೋಡಿದಳು. ತಾತ ಎದ್ದ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಸಿಂಕಿನ ಹತ್ತಿರ ಹೋದ, ನಲ್ಲಿ ಬಿಟ್ಟ, ಸೋಪು ಎಲ್ಲಿದೆ ಎಂದು ಹುಡುಕಿದ. ಯಾರೂ ಹೇಳದಿದ್ದಾಗ ತಾನೇ ಕಂಡುಕೊಂಡ. ಎಪ್ಪತ್ತೆರಡು ವರ್ಷದಲ್ಲಿ ಪಾತ್ರೆ ತೊಳೆದವನಲ್ಲ. ಅಂಗಿಯ ತೋಳೆಲ್ಲ ಒದ್ದೆ, ನೆಲದ ಮೇಲೆಲ್ಲ ನೀರು.

ಮುಗಿಸಿ ಅವನು ಕೈ ಒರೆಸಿಕೊಂಡು ಮೇಜಿನ ಹತ್ತಿರ ಬಂದು ನಿಂತ. ಸೊಸೆ ಕೂತಲ್ಲಿಂದಲೇ ಬೋರಲು ಹಾಕಿದ ಪಾತ್ರೆಗಳ ಕಡೆ ನೋಡಿದಳು. ಬಾಣಲೆಯ ಅಂಚಿನಲ್ಲಿ ಜಿಡ್ಡು ಹಾಗೇ ಇತ್ತು, ಒಂದು ಲೋಟಕ್ಕೆ ಸೋಪಿನ ನೊರೆ ಅಂಟಿಕೊಂಡಿತ್ತು. ಅವಳು ಅದನ್ನು ನೋಡಿಯೂ ಏಳಲಿಲ್ಲ.

“ಕೂತ್ಕೊಳ್ಳಿ ಮಾವ, ಕೇಕು ತಿನ್ನಿ,” ಎಂದಳು.